ಓದುಗರ ಪ್ರತಿಕ್ರಿಯೆ: ತೆರೆದಿಡುವುದೋ, ಸೋಸುವುದೋ, ಫೇಸ್‌ಬುಕ್‌ಗೆ ಬಿಡುವುದೋ?

ಸುದ್ದಿಯ ಕೆಳಗೆ ಓದುಗರು ಬರೆಯುವ ಪ್ರತಿಕ್ರಿಯೆಯನ್ನು ನೇರವಾಗಿ ತೆರೆದಿಡಬೇಕೋ, ಓದಿ ಸೋಸಿ ಪ್ರಕಟಿಸಬೇಕೋ, ಫೇಸ್‌ಬುಕ್ ಪುಟಕ್ಕೆ ಬಿಟ್ಟುಬಿಡಬೇಕೋ? ಉಡುಪಿಯಲ್ಲಿ ಸಣ್ಣದೊಂದು ಸುದ್ದಿತಾಣ ಆರಂಭಿಸಿರುವ ಗೆಳೆಯರ ಪ್ರಶ್ನೆ ಇದು.

ಖರ್ಚಿನ ಮಟ್ಟಿಗೆ ಫೇಸ್‌ಬುಕ್ ಪುಟವೇ ಅಗ್ಗ. ಆದರೆ ಅಲ್ಲಿ ಏನು ಉಳಿಯಬೇಕು, ಏನು ಅಳಿಯಬೇಕು ಎಂಬುದರಲ್ಲಿ ಕೊನೆಯ ಮಾತು ನಿಮ್ಮದಲ್ಲ. ಓದಿ ಪ್ರಕಟಿಸುವುದಾದರೆ ಆಳು ಬೇಕು, ರಾತ್ರಿ ಹತ್ತರ ನಂತರವೂ ಬೇಕು.

ಯಂತ್ರಕ್ಕೆ ಒಪ್ಪಿಸಿ ನೇರವಾಗಿ ತೆರೆದಿಡುವವರಿಗೆ ನಮ್ಮ ಕರಾವಳಿಯೇ ತೊಡಕು. ಒಂದೇ ಸುದ್ದಿಯ ಕೆಳಗೆ ಕನ್ನಡ, ತುಳು, ಕೊಂಕಣಿ, ಬ್ಯಾರಿ ಬೆರೆತಿರುತ್ತವೆ, ಅರ್ಧ ರೋಮನ್ ಲಿಪಿಯಲ್ಲಿ. ಪದಪಟ್ಟಿ ಹಿಡಿದು ಸೋಸಿದರೆ ತುಳುವಿನ ಬೈಗುಳ ಬಂಗುಡೆ ಬಲೆಯಿಂದ ಸಣ್ಣ ಬೂತಾಯಿ ಮೀನು ಜಾರಿದಂತೆ ಜಾರುತ್ತದೆ; ಪಾಪದ ತಮಾಷೆ ಸಿಕ್ಕಿಬೀಳುತ್ತದೆ.

ಕಾನೂನಿನಲ್ಲಿ ಮೂರೂ ಪೂರ್ತಿ ಸುರಕ್ಷಿತವಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹವಾಗಿ ಬರೆಯುವುದನ್ನು ಅಪರಾಧವಾಗಿಸಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದುಗೊಳಿಸಿತು, ನಿಜ. ಮಾನಹಾನಿ, ದ್ವೇಷ ಪ್ರಚೋದನೆಯ ಸೆಕ್ಷನ್‌ಗಳು ಹಾಗೆಯೇ ಇವೆ. ಫೇಸ್‌ಬುಕ್‌ಗೆ ಬಿಟ್ಟರೆ ಹೊಣೆ ಕಳೆಯಿತು ಎನ್ನುವವರು ಆಸ್ಟ್ರೇಲಿಯಾವನ್ನು ನೋಡಲಿ: ಸುದ್ದಿಸಂಸ್ಥೆಗಳ ಪುಟದಲ್ಲಿ ಓದುಗರು ಬರೆದದ್ದಕ್ಕೂ ಆ ಸಂಸ್ಥೆಗಳೇ ಪ್ರಕಾಶಕರು ಎಂದು 2021ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಹೇಳಿತು. ಆ ತೀರ್ಪು ನಮ್ಮನ್ನು ಕಟ್ಟುವುದಿಲ್ಲವಾದರೂ ಎಚ್ಚರಿಸುತ್ತದೆ.

ಸೋಸುವುದು ಸೆನ್ಸಾರ್ ಅಲ್ಲವೇ? ಪತ್ರಿಕೆಯ ವಾಚಕರ ಪತ್ರಗಳೂ ಆಯ್ದವೇ. ಬೈಗುಳ ತೆಗೆಯುವುದು ಸಂಪಾದನೆ. ನಗರಸಭೆಯ ಟೀಕೆಯನ್ನು ಜಾಹೀರಾತುದಾರರ ಮುಲಾಜಿಗೆ ತೆಗೆದರೆ ಅದು ಸೆನ್ಸಾರೇ. ನಿಯಮವನ್ನು ಮೊದಲೇ ಪ್ರಕಟಿಸಿಡಿ.

ಇಬ್ಬರೇ ಇದ್ದು ಯಕ್ಷಗಾನ, ಮಳೆ, ರಸ್ತೆಯ ಸುದ್ದಿ ಕೊಡುವವರಾದರೆ ತೆರೆದಿಡಿ. ಕೋಮುಸೂಕ್ಷ್ಮ ವರದಿ, ಅಪರಾಧ ಸುದ್ದಿಗೆ ಓದಿಯೇ ಪ್ರಕಟಿಸಿ. ಆಳಿಲ್ಲದ ದಿನ ಅಂಥ ಸುದ್ದಿಯ ಕೆಳಗೆ ಪ್ರತಿಕ್ರಿಯೆಯನ್ನೇ ಮುಚ್ಚಿಬಿಡಿ. ಮುಂಬಯಿ, ದುಬೈಯಲ್ಲಿರುವ ಊರವರನ್ನು ತಲುಪುವುದಷ್ಟೇ ಗುರಿಯಾದರೆ ಫೇಸ್‌ಬುಕ್ ಸಾಕು.