ಹಳೆ ಮಸ್ಟ್ಯಾಂಗ್‌ಗೆ ಹೆಡರ್ ಹಾಕಿಸುವ ಮುಂಚೆ ನನ್ನ ಕಥೆ ಕೇಳಿ

ಟೆಕ್ಸಾಸ್‌ನ ನಮ್ಮ ಮನೆ ಗ್ಯಾರೇಜಿನಲ್ಲಿ 1967ರ ಫೋರ್ಡ್ ಮಸ್ಟ್ಯಾಂಗ್ ಇದೆ. 289 ಕ್ಯೂಬಿಕ್ ಇಂಚಿನ ವಿ8, ಅಂದರೆ 4.7 ಲೀಟರ್. ಗಾಳಿ ಪೆಟ್ರೋಲ್ ಬೆರೆಸಲು ಎರಡು ಬ್ಯಾರೆಲ್, ಅಂದರೆ ಎರಡು ಬಾಯಿಯ ಕಾರ್ಬೊರೇಟರ್, ಸಿ4 ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಪವರ್ ಸ್ಟೀರಿಂಗ್. ಇದು ದೊಡ್ಡ ಎಂಜಿನ್ನಿನ ಮಸಲ್ ಕಾರಲ್ಲ, ಚಿಕ್ಕ ಸ್ಪೋರ್ಟಿ ಪೋನಿ ಕಾರು ಅಂತ ಜಗಳಕ್ಕೆ ಬರುವವರು ಇದ್ದಾರೆ. ಬರಲಿ ಬಿಡಿ. ಇದಕ್ಕೆ ಲಾಂಗ್ ಟ್ಯೂಬ್ ಹೆಡರ್, ಅಂದರೆ ಎಂಜಿನ್ನಿನ ಹೊಗೆ ಒಯ್ಯುವ ಉದ್ದ ಪೈಪುಗಳನ್ನು ಹಾಕಲು ಹೋಗಿ ಎರಡು ತಿಂಗಳು ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ದೆ.

ಈ ಕೆಲಸಕ್ಕೆ ಕಂಪನಿಯಿಂದಲೇ ಬಂದ ಭಾಗಕ್ಕೆ ಮ್ಯಾನಿಫೋಲ್ಡ್ ಅಂತಾರೆ, ಅದು ಎರಕದ ಕಬ್ಬಿಣದ್ದು. ಒಂದು ಕಡೆಯ ನಾಲ್ಕು ಸಿಲಿಂಡರಿನ ಹೊಗೆ ಒಂದೇ ಗಿಡ್ಡ ಕೊಳವೆಗೆ ನುಗ್ಗುತ್ತದೆ. ಹೆಡರಿನಲ್ಲಿ ಒಂದೊಂದು ಸಿಲಿಂಡರಿಗೂ ಬೇರೆ ಪೈಪು. ಕೆಳಗೆ ಹೋಗಿ ಒಟ್ಟಿಗೆ ಸೇರುತ್ತವೆ. ಹೊಗೆ ಸಲೀಸಾಗಿ ಹೋಗುತ್ತದೆ, ಸದ್ದೂ ಚೆನ್ನಾಗಿರುತ್ತದೆ. ನನಗೆ ಬೇಕಿದ್ದದ್ದು ಸದ್ದೇ, ಸುಳ್ಳು ಯಾಕೆ ಹೇಳಲಿ.

ಸಿಕ್ಕಿದ್ದರಲ್ಲಿ ಅಗ್ಗದ್ದನ್ನೇ ತರಿಸಿದೆ. ಬಾಕ್ಸಿನ ಮೇಲೆ ‘ನಿಮ್ಮ ಕಾರಿಗೆ ಆಗುತ್ತದೆ’ ಅಂತ ಇತ್ತು. ಆಗುತ್ತದೆ ಅಂದರೆ ಬೋಲ್ಟಿನ ತೂತು ಕೂಡುತ್ತವೆ ಅಂತ ಅಷ್ಟೇ. ಇದು ಆಮೇಲೆ ಗೊತ್ತಾಯಿತು.

ಮೊದಲ ಪೆಟ್ಟು ಹಳೆ ಮ್ಯಾನಿಫೋಲ್ಡಿನ ಬಲಗಡೆ ಹಿಂದಿನ ಬೋಲ್ಟು, ನಾಲ್ಕನೇ ಸಿಲಿಂಡರಿನದು. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆ. ಒಂದೇ ರಾತ್ರಿ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದೆ. ಬೋಲ್ಟು ಮೊದಲು ಬೆಣ್ಣೆ ಹಾಗೆ ತಿರುಗಿತು. ಸಡಿಲವಾಯಿತು ಅಂತ ಖುಷಿಪಟ್ಟೆ. ಅದು ತಿರುಚುತ್ತಿತ್ತು. ಪಟ್ ಅಂತ ತಲೆ ಕೈಗೆ ಬಂತು. ಉಳಿದ ತುಂಡಿಗೆ ತೂತು ಕೊರೆದು, ಮುರಿದ ಬೋಲ್ಟು ಹೊರತೆಗೆಯುವ ಎಕ್ಸ್‌ಟ್ರ್ಯಾಕ್ಟರ್ ಹಾಕಿದರೆ ಅದೂ ಒಳಗೇ ಮುರಿಯಿತು. ಆ ಗಟ್ಟಿ ಉಕ್ಕಿಗೆ ನನ್ನ ಡ್ರಿಲ್ ಬಿಟ್ ಯಾವ ಲೆಕ್ಕ? ಸಿಲಿಂಡರ್ ಹೆಡ್ಡನ್ನೇ ಬಿಚ್ಚಿ ಮೆಷಿನ್ ಶಾಪಿಗೆ ಹೊತ್ತುಕೊಂಡು ಹೋದೆ. ಹೆಡರಿನ ಬೆಲೆಗಿಂತ ಅಲ್ಲಿಯ ಬಿಲ್ಲೇ ಜಾಸ್ತಿ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ.

ನೀವು ಮಾಡುವುದಾದರೆ ಮೂರ್ನಾಲ್ಕು ದಿನ ಎಣ್ಣೆ ಕುಡಿಸಿ. ಬೋಲ್ಟನ್ನು ಮೊದಲು ಚೂರು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಮುರಿದ ತುಂಡು ಸ್ವಲ್ಪ ಹೊರಗೆ ಕಾಣುತ್ತಿದ್ದರೆ ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಿ ತಿರುಗಿಸಿ. ಡ್ರಿಲ್ ಮುಟ್ಟಬೇಡಿ.

ಎಡಗಡೆ ಇನ್ನೊಂದು ರಾಮಾಯಣ. ಎಂಜಿನ್ ಮೌಂಟ್ ಬಿಚ್ಚಿ, ಜಾಕ್ ಕೊಟ್ಟು ಎಂಜಿನ್ ಎತ್ತಿದ ಮೇಲೇ ಪೈಪು ಒಳಗೆ ಹೋಗಿದ್ದು. ಹೋದಮೇಲೆ ಪವರ್ ಸ್ಟೀರಿಂಗಿನ ಸಿಲಿಂಡರಿಗೆ, ಅಂದರೆ ಚಕ್ರ ತಿರುಗಿಸಲು ನೆರವಾಗುವ ಎಣ್ಣೆ ಕೊಳವೆಗೆ, ತಗುಲುತ್ತಿತ್ತು. ಆ ಸಿಲಿಂಡರನ್ನು ಕೆಳಗಿಳಿಸಲು ಬೇರೆ ಬ್ರ್ಯಾಕೆಟ್ ಕೊಳ್ಳಬೇಕು. ಬಾಕ್ಸಿನಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಅಂತೂ ರಸ್ತೆಗೆ ತಂದೆ. ಸದ್ದು ಸೂಪರ್. ಇಪ್ಪತ್ತು ನಿಮಿಷ ಆಗಿರಬೇಕು, ಸಿಗ್ನಲ್ಲಿನಲ್ಲಿ ನಿಂತಾಗ ಬಾನೆಟ್ ಸಂದಿಯಿಂದ ಬಿಳಿ ಹೊಗೆ. ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಪಕ್ಕಕ್ಕೆ ಹಾಕಿ ನೋಡಿದರೆ ಸ್ಟೀರಿಂಗಿನ ರಬ್ಬರ್ ಹೋಸು ಹೆಡರಿಗೆ ಒರಗಿ ಕರಗಿದೆ. ಎಣ್ಣೆ ಕಾದ ಪೈಪಿನ ಮೇಲೆ ತೊಟ್ಟಿಕ್ಕಿ ಚುರ್ ಅನ್ನುತ್ತಿದೆ. ಎಂಟನೇ ಸಿಲಿಂಡರಿನ ಪ್ಲಗ್ ವೈರಿನ ತುದಿಯೂ ಸುಟ್ಟಿತ್ತು. ಬೆಂಕಿ ಹತ್ತಲಿಲ್ಲ, ಅದೇ ಪುಣ್ಯ. ಕಾರಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಕೂಡ ಇರಲಿಲ್ಲ. ಈಗ ಸೀಟಿನ ಕೆಳಗೇ ಇದೆ.

ಮಿಕ್ಕಿದ್ದು ಸಣ್ಣಪುಟ್ಟದ್ದು. ಬೋಲ್ಟು ಸಡಿಲವಾಗಿ ಟಿಕ್ ಟಿಕ್ ಅನ್ನುತ್ತಿತ್ತು. ಹಂಪ್ ಬಂದರೆ ಪೈಪು ಸೇರುವ ಜಾಗ ನೆಲಕ್ಕೆ ಉಜ್ಜುತ್ತಿತ್ತು. ಇಷ್ಟೆಲ್ಲ ಆಗಿ, ಎರಡು ಬ್ಯಾರೆಲ್ ಕಾರ್ಬೊರೇಟರಿನ ಎಂಜಿನ್ನಿಗೆ ಶಕ್ತಿ ಹೆಚ್ಚಿದ್ದು ನನಗಂತೂ ಗೊತ್ತಾಗಲಿಲ್ಲ.

ಕೊನೆಗೆ ಎಲ್ಲ ಬಿಚ್ಚಿದೆ. 289ರಲ್ಲೇ 271 ಕುದುರೆಶಕ್ತಿಯ ಎಂಜಿನ್ ಬರುತ್ತಿತ್ತಲ್ಲ, ಅದರ ಎರಕದ ಮ್ಯಾನಿಫೋಲ್ಡಿನ ನಕಲು ಹೊಸದಾಗಿ ಸಿಗುತ್ತದೆ. ಅದನ್ನು ಹಾಕಿದೆ. ಹೋಸಿಗೂ ಪೈಪಿಗೂ ಮಧ್ಯೆ ಈಗ ಕೈ ತೂರುತ್ತದೆ.

ಹೆಡರ್ ಜೋಡಿಯನ್ನು ಮಾರಾಟಕ್ಕೆ ಹಾಕಿದ್ದೆ. ಹೋದ ವಾರ ಒಬ್ಬರು ಫೋನ್ ಮಾಡಿದರು. “ನಿಮ್ಮ ಕಾರಿನಲ್ಲಿ ಪವರ್ ಸ್ಟೀರಿಂಗ್ ಇದೆಯಾ?” ಅಂತ ಕೇಳಿದೆ. ಇದೆ ಅಂದರು. ಕೊಡಲ್ಲ ಅಂದೆ.