ರೋಸ್‌ಉಜ್ನಿಕ್: ರಷ್ಯಾದ ರಾಜಕೀಯ ಕೈದಿಗಳಿಗೆ ಕಾಗದ ತಲುಪಿಸುವ ಸೇವೆ

ವ್ಲಾದಿಮಿರ್ ಕಾರಾ-ಮುರ್ಜಾ ಪತ್ರಕರ್ತರಾಗಿದ್ದವರು. ಪುಟಿನ್ ವಿರೋಧಿ ನಾಯಕ ಬೋರಿಸ್ ನೆಮ್ತ್ಸೋವ್ ಅವರ ಒಡನಾಡಿಯಾಗಿ ವಿರೋಧ ಪಕ್ಷದ ರಾಜಕಾರಣಕ್ಕೆ ಬಂದು, 2015 ಮತ್ತು 2017ರಲ್ಲಿ ಎರಡು ಬಾರಿ ವಿಷಪ್ರಾಶನದಿಂದ ಸಾವಿನ ಅಂಚಿಗೆ ಹೋಗಿ ಮರಳಿದರು. ಉಕ್ರೇನ್ ಯುದ್ಧವನ್ನು ಅಮೆರಿಕದ ಅರಿಜೋನಾ ಶಾಸನಸಭೆಯಲ್ಲಿ ಖಂಡಿಸಿದ್ದೂ ಸೇರಿದಂತೆ ಹಲವು ಆರೋಪಗಳ ಮೇಲೆ 2023ರ ಏಪ್ರಿಲ್ 17ರಂದು ಮಾಸ್ಕೋ ನಗರ ನ್ಯಾಯಾಲಯ ಅವರಿಗೆ 25 ವರ್ಷಗಳ ಸಜೆ ವಿಧಿಸಿತು. ಅಂಥ ಕೈದಿಗೆ ಹೊರಗಿನ ಅಪರಿಚಿತರೊಬ್ಬರು ಕಾಗದ ಬರೆಯಬೇಕೆಂದರೆ ಯಾವ ಸೇವೆಯನ್ನು ನೆಚ್ಚಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿಮರ್ಶಿಸಿದ್ದೇನೆ.

ರಷ್ಯಾದ ಕಾನೂನು ಕೈದಿಗೆ ಬರುವ ಕಾಗದಗಳ ಸಂಖ್ಯೆಗೆ ಮಿತಿ ಹಾಕಿಲ್ಲ. ಆದರೆ ಪ್ರತಿಯೊಂದನ್ನೂ ಜೈಲಿನ ಸೆನ್ಸಾರ್ ಅಧಿಕಾರಿ ಓದುತ್ತಾನೆ. ಕಾಗದ ಕಳುಹಿಸಲು ಮುಖ್ಯವಾಗಿ ಎರಡು ಆನ್‌ಲೈನ್ ದಾರಿಗಳಿವೆ. ಒಂದು, ಎಫ್‌ಸಿನ್-ಪಿಸ್ಮೋ ಎಂಬ ಶುಲ್ಕಸಹಿತ ಸೇವೆ. ಪುಟಕ್ಕೆ ಇಷ್ಟು ಎಂದು ಹಣ ಕಟ್ಟಿದರೆ ನಾವು ಬರೆದದ್ದನ್ನು ಜೈಲಿನಲ್ಲಿ ಮುದ್ರಿಸಿ ಕೈದಿಗೆ ಕೊಡುತ್ತಾರೆ. ಉತ್ತರದ ಹಾಳೆಗೂ ಮುಂಚಿತವಾಗಿ ಹಣ ಕಟ್ಟಿದ್ದರೆ, ಕೈದಿ ಕೈಯಾರೆ ಬರೆದದ್ದನ್ನು ಸ್ಕ್ಯಾನ್ ಮಾಡಿ ನಮಗೆ ಕಳುಹಿಸುತ್ತಾರೆ. ವ್ಯವಸ್ಥೆ ಚೆನ್ನಾಗಿದೆ, ಆದರೆ ಎಲ್ಲ ಜೈಲುಗಳೂ ಇದರ ವ್ಯಾಪ್ತಿಯಲ್ಲಿಲ್ಲ. ಅಲ್ಲದೆ 2022ರ ಮಾರ್ಚ್‌ನಲ್ಲಿ ವೀಸಾ ಮತ್ತು ಮಾಸ್ಟರ್‌ಕಾರ್ಡ್ ಸಂಸ್ಥೆಗಳು ರಷ್ಯಾದಲ್ಲಿ ವಹಿವಾಟು ನಿಲ್ಲಿಸಿದ್ದರಿಂದ, ಬೆಂಗಳೂರಿನಲ್ಲಿರಲಿ ದುಬೈಯಲ್ಲಿರಲಿ, ಅವರ ಕಾರ್ಡ್ ಹಿಡಿದು ಕುಳಿತವರಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿದೆ.

ಎರಡನೆಯದು ರೋಸ್‌ಉಜ್ನಿಕ್. ಇದನ್ನು ನಡೆಸುವವರು ಸ್ವಯಂಸೇವಕರು, ಶುಲ್ಕವಿಲ್ಲ. ನಾವು ಆನ್‌ಲೈನಿನಲ್ಲಿ ಬರೆದು ಕೊಟ್ಟದ್ದನ್ನು ಅವರು ಜೈಲಿಗೆ ಕಳುಹಿಸುತ್ತಾರೆ. ಯಾರು ಸೆರೆಯಲ್ಲಿದ್ದಾರೆ ಎಂಬ ಪಟ್ಟಿಯನ್ನೂ ಅವರೇ ಇಟ್ಟಿರುವುದನ್ನು ನಾನು ಈ ಸೇವೆಯ ಅತಿ ದೊಡ್ಡ ಗುಣವೆಂದು ಭಾವಿಸುತ್ತೇನೆ. ಇದಕ್ಕೆ ಕಾರಣವಿದೆ. ಕಾರಾ-ಮುರ್ಜಾ ಅವರನ್ನು 2023ರ ಸೆಪ್ಟೆಂಬರ್‌ನಲ್ಲಿ ಸೈಬೀರಿಯದ ಓಮ್ಸ್ಕ್‌ಗೆ ಸಾಗಿಸಲಾಯಿತು. 2024ರ ಜನವರಿಯ ಕೊನೆಯಲ್ಲಿ ಅದೇ ನಗರದ ಇನ್ನೊಂದು ಜೈಲಿಗೆ ಬದಲಾಯಿಸಿದಾಗ ಅವರು ಎಲ್ಲಿದ್ದಾರೆಂಬುದು ಸ್ವಲ್ಪ ಕಾಲ ವಕೀಲರಿಗೂ ತಿಳಿದಿರಲಿಲ್ಲ. ಹೀಗೆ ವಿಳಾಸವೇ ಕಳೆದುಹೋಗುವ ದೇಶದಲ್ಲಿ ದೂರದ ಓದುಗನೊಬ್ಬ ತಾನೇ ಲಕೋಟೆಯ ಮೇಲೆ ವಿಳಾಸ ಬರೆದು ಅಂಚೆಗೆ ಹಾಕಿ ನಿಶ್ಚಿಂತೆಯಿಂದಿರುವುದು ಕಷ್ಟ.

ಕೊರತೆಗಳೂ ಇವೆ. ಕಾಗದ ರಷ್ಯನ್ ಭಾಷೆಯಲ್ಲೇ ಇರಬೇಕು, ಇಲ್ಲವಾದರೆ ಸೆನ್ಸಾರ್ ದಾಟುವುದು ಕಠಿಣ. ಆದ್ದರಿಂದ ಕನ್ನಡದಲ್ಲಿ ಯೋಚಿಸುವವರು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆದು ಅನುವಾದಿಸಿಕೊಂಡು, ಸಾಧ್ಯವಾದರೆ ರಷ್ಯನ್ ಬಲ್ಲವರಿಗೆ ಒಮ್ಮೆ ತೋರಿಸುವುದು ಒಳ್ಳೆಯದು. ಮೊಕದ್ದಮೆಯ ಬಗ್ಗೆ, ಯುದ್ಧದ ಬಗ್ಗೆ ಬರೆಯಬೇಡಿ. ಅದರಿಂದ ಕಾಗದ ತಡೆಹಿಡಿಯಲ್ಪಡಬಹುದು, ಕೈದಿಗೂ ತೊಂದರೆಯಾಗಬಹುದು. ಊರಿನ ಮಳೆ, ಓದಿದ ಪುಸ್ತಕ, ಮನೆಯ ಅಡುಗೆ ಧಾರಾಳವಾಗಿ ಸಾಕು. ತಿಂಗಳುಗಟ್ಟಲೆ ಒಂಟಿ ಕೋಣೆಯಲ್ಲಿರುವ ಮನುಷ್ಯನಿಗೆ ಇವು ಕ್ಷುಲ್ಲಕ ವಿಷಯಗಳೆಂದು ನಾನು ಒಪ್ಪುವುದಿಲ್ಲ. ಜೊತೆಗೆ, ಹೊರಗಿನಿಂದ ನಿರಂತರವಾಗಿ ಕಾಗದ ಬರುತ್ತಿರುವ ಕೈದಿಯನ್ನು ಜಗತ್ತು ಗಮನಿಸುತ್ತಿದೆಯೆಂಬುದು ಜೈಲಿನ ಅಧಿಕಾರಿಗಳಿಗೂ ಮನವರಿಕೆಯಾಗುತ್ತದೆ.

ಕಾರಾ-ಮುರ್ಜಾ ಸೆರೆಯಿಂದಲೇ ಬರೆದ ಅಂಕಣಗಳಿಗೆ 2024ರ ಮೇ ತಿಂಗಳಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಆಗಸ್ಟ್ 1ರಂದು ಕೈದಿಗಳ ವಿನಿಮಯದಲ್ಲಿ ಅವರು ಬಿಡುಗಡೆಯಾದರು. ಯುದ್ಧವನ್ನು ವಿರೋಧಿಸಿದ್ದಕ್ಕೆ 2022ರಲ್ಲಿ 7 ವರ್ಷಗಳ ಶಿಕ್ಷೆಗೆ ಗುರಿಯಾದ ಮಾಸ್ಕೋದ ಸ್ಥಳೀಯ ಆಡಳಿತದ ಸದಸ್ಯ ಅಲೆಕ್ಸೇಯ್ ಗೊರಿನೋವ್ ಆ ವಿನಿಮಯದಲ್ಲಿ ಇರಲಿಲ್ಲ; 2024ರ ನವೆಂಬರ್‌ನಲ್ಲಿ ಅವರಿಗೆ ಇನ್ನೊಂದು ಪ್ರಕರಣದಲ್ಲಿ ಮತ್ತೆ ಶಿಕ್ಷೆಯಾಯಿತು. ರೋಸ್‌ಉಜ್ನಿಕ್ ಬಳಸಲು ಮನಸ್ಸು ಮಾಡುವವರು ಆ ಪಟ್ಟಿಯಲ್ಲಿ ಹೆಚ್ಚು ಪ್ರಸಿದ್ಧರಲ್ಲದ ಒಬ್ಬರನ್ನು ಆರಿಸಿಕೊಂಡು ಬರೆಯಬೇಕೆಂಬುದು ನನ್ನ ಶಿಫಾರಸು.