ನವನಗರದ ಒಂದು ಸಮಾಲೋಚನಾ ಕೇಂದ್ರದಲ್ಲಿ ಆರು ತಿಂಗಳು: ಆಟಿಸಂ, ಒಸಿಡಿ ಎರಡೂ ಇರುವವಳ ಅನುಭವ

ಬಾಗಲಕೋಟೆಯ ನವನಗರದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಡೆಸುವ ಚಿಕ್ಕ ಸಮಾಲೋಚನಾ ಕೇಂದ್ರಕ್ಕೆ ನಾನು ಆರು ತಿಂಗಳಿನಿಂದ ಹೋಗುತ್ತಿದ್ದೇನೆ. ನನಗೀಗ 31 ವರ್ಷ. ಆಟಿಸಂ, ಅಂದರೆ ಸ್ವಲೀನತೆ, ಇದೆ ಎಂದು ತಿಳಿದದ್ದು 27ನೆಯ ವಯಸ್ಸಿನಲ್ಲಿ. ಒಸಿಡಿ, ಅಂದರೆ ಗೀಳು ಕಾಯಿಲೆ, ಅದಕ್ಕಿಂತ ಬಹಳ ಮೊದಲೇ ಶುರುವಾಗಿತ್ತಾದರೂ ಮನೆಯವರೂ ಬಂಧುಗಳೂ ಅದನ್ನು ‘ಹುಡುಗಿಗೆ ಮಡಿ ಭಾಳ’ ಎಂದೇ ತಿಳಿದಿದ್ದರು. ಎರಡೂ ಇರುವವರಿಗೆ ನಮ್ಮ ಭಾಗದಲ್ಲಿ ಎಂಥ ನೆರವು ಸಿಗುತ್ತದೆ ಎಂದು ನಾನು ಹುಡುಕಿದಾಗ ಕನ್ನಡದಲ್ಲಿ ಓದಲು ಏನೂ ಸಿಗಲಿಲ್ಲವಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಒಬ್ಬರೇ ನಡೆಸುವ ಜಾಗವಾದ್ದರಿಂದ ಹೆಸರು ಕೊಟ್ಟಿಲ್ಲ.

ಇದಕ್ಕೂ ಮೊದಲು ಬೇರೊಂದು ಊರಿನಲ್ಲಿ ನಾಲ್ಕು ತಿಂಗಳು ಚಿಕಿತ್ಸೆ ಪಡೆದಿದ್ದೆ. ಅಲ್ಲಿ ನಾನು ಪದೇ ಪದೇ ಮಾಡುವುದೆಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಿ, ಎಲ್ಲವನ್ನೂ ನಿಲ್ಲಿಸಬೇಕೆಂದು ಹೇಳಿದರು. ಗ್ಯಾಸಿನ ರೆಗ್ಯುಲೇಟರನ್ನು 14 ಸಲ ಮುಟ್ಟಿ ನೋಡುವುದು ಆ ಪಟ್ಟಿಯಲ್ಲಿತ್ತು. ಅವ್ವನ ಹಳೆಯ ಇಳಕಲ್ ಸೀರೆಯನ್ನು ತೊಡೆಯ ಮೇಲೆ ಹಾಸಿಕೊಂಡು, ಒಡಲಿನ ನೂಲಿಗೂ ಸೆರಗಿನ ರೇಷ್ಮೆಗೂ ಕೊಂಡಿ ಹಾಕಿ ಕೂಡಿಸಿದ ಗೆರೆಯ ಮೇಲೆ ಬೆರಳಾಡಿಸುತ್ತ ಕೂರುವುದೂ ಇತ್ತು. ಸೀರೆಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ ಮೇಲೆ ನನ್ನ ನಿದ್ದೆ ಕೆಟ್ಟಿತು, ರೆಗ್ಯುಲೇಟರ್ ನೋಡುವುದು ಇನ್ನೂ ಹೆಚ್ಚಾಯಿತು.

ನವನಗರದ ಕೇಂದ್ರವನ್ನು ನಾನು ಮೆಚ್ಚಿಕೊಂಡದ್ದು ಇಲ್ಲಿಯೇ. ಮೊದಲ ಎರಡು ಭೇಟಿಗಳಲ್ಲಿ ಮೇಡಂ ಯಾವ ಅಭ್ಯಾಸವನ್ನೂ ಬಿಡಿಸಲು ಹೋಗಲಿಲ್ಲ. ಒಂದೊಂದನ್ನೂ ಹಾಳೆಯ ಮೇಲೆ ಬರೆದು, ಇದನ್ನು ಮಾಡುವಾಗ ಏನೆನಿಸುತ್ತದೆ, ಯಾರಾದರೂ ತಡೆದರೆ ಏನಾಗುತ್ತದೆಂದು ಭಯವಾಗುತ್ತದೆ ಎಂದು ಕೇಳಿದರು. ಸೀರೆಯ ಗೆರೆ ಮುಟ್ಟುವಾಗ ನನಗೆ ಹಿತವಾಗುತ್ತದೆ; ತಡೆದರೆ ಬೇಸರವಾಗುತ್ತದೆ, ಭಯವೇನೂ ಆಗುವುದಿಲ್ಲ. ರೆಗ್ಯುಲೇಟರ್ ಮುಟ್ಟುವುದು ನನಗೆ ಒಂದು ದಿನವೂ ಹಿತವೆನಿಸಿಲ್ಲ. ಮುಟ್ಟದಿದ್ದರೆ ನನ್ನಿಂದಾಗಿ ಅವ್ವನಿಗೆ ಏನೋ ಆಗಿಬಿಡುತ್ತದೆ ಎಂಬ ಯೋಚನೆ ತಲೆಯಿಂದ ಇಳಿಯುವುದಿಲ್ಲ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯ ಪುನರಾವರ್ತನೆಯಾಗಿ ಕಂಡರೂ ಮೊದಲನೆಯದು ಆಟಿಸಂನ ಭಾಗ, ಎರಡನೆಯದು ಒಸಿಡಿ; ಚಿಕಿತ್ಸೆ ಬೇಕಾದದ್ದು ಎರಡನೆಯದಕ್ಕೆ ಮಾತ್ರ ಎಂದು ಅವರು ಹಾಳೆಯ ಮೇಲೆಯೇ ಬರೆದುಕೊಟ್ಟರು. ಅಂದು ಸಂಜೆ ಸೀರೆಯನ್ನು ಟ್ರಂಕಿನಿಂದ ಹೊರಗೆ ತೆಗೆದೆ.

ಚಿಕಿತ್ಸೆಯ ಹೆಸರು ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್, ಚಿಕ್ಕದಾಗಿ ಇ.ಆರ್.ಪಿ. ಭಯ ಹುಟ್ಟಿಸುವ ಸಂದರ್ಭಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಎದುರಾಗುವುದು, ಎದುರಾದ ಮೇಲೆ ಗೀಳಿನ ಕ್ರಿಯೆಯನ್ನು ಮಾಡದೆ ಇರುವುದು ಅದರ ಕ್ರಮ. ನನ್ನ ಮಟ್ಟಿಗೆ ಕೇಂದ್ರಕ್ಕೆ ಹೋಗುವುದೇ ಮೊದಲ ಮೆಟ್ಟಿಲಾಯಿತು. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಹೋದ ಮೇಲೆ ನಾವು ನವನಗರಕ್ಕೆ ಬಂದವರು. ಇಲ್ಲಿ ಬಡಾವಣೆಗಳಿಗೆಲ್ಲ ಸೆಕ್ಟರ್ ಸಂಖ್ಯೆಗಳೇ ಹೆಸರು, ಬೆಸ ಸಂಖ್ಯೆಯ ಸೆಕ್ಟರಿಗೆ ಕಾಲಿಟ್ಟರೆ ಕೆಡುಕಾಗುತ್ತದೆ ಎಂಬ ಗೀಳು ನನ್ನದು, ಈ ಕೇಂದ್ರವಿರುವುದೂ ಬೆಸ ಸಂಖ್ಯೆಯ ಸೆಕ್ಟರಿನಲ್ಲಿಯೇ. ಮೊದಲ ಮೂರು ವಾರ ಮೇಡಂ ಸೆಕ್ಟರಿನ ಫಲಕದವರೆಗೆ ತಾವೇ ನಡೆದು ಬಂದು ನಿಂತಿರುತ್ತಿದ್ದರು. ನಾಲ್ಕನೆಯ ವಾರ ಗೇಟಿನ ಬಳಿ ನಿಂತರು. ಐದನೆಯ ವಾರದಿಂದ ನಾನೊಬ್ಬಳೇ ಬಂದೆ.

ಆತಂಕವನ್ನು ಸೊನ್ನೆಯಿಂದ ನೂರರೊಳಗೆ ಅಳೆದು ಹೇಳುವುದು ಈ ಚಿಕಿತ್ಸೆಯ ರೂಢಿ. ನನಗೆ ಅದು ಸಾಧ್ಯವಾಗಲಿಲ್ಲ. ಆಟಿಸಂ ಇರುವ ಅನೇಕರಂತೆ ನನಗೂ ಒಳಗಿನ ಭಾವವನ್ನು ಗುರುತಿಸಿ ಹೆಸರಿಡುವುದು ಕಷ್ಟ. ಆಗ ಅವರು ಸಂಖ್ಯೆಯನ್ನು ಕೈಬಿಟ್ಟು, ಅಂಗೈ ಬೆವರುವುದು, ಹಲ್ಲು ಬಿಗಿಯುವುದು, ಹೊಟ್ಟೆ ಕಿವುಚುವುದು ಎಂದು ದೇಹದ ಗುರುತುಗಳನ್ನೇ ಮೆಟ್ಟಿಲುಗಳಾಗಿ ಬರೆದರು. ಕೋಣೆಯ ಟ್ಯೂಬ್‌ಲೈಟಿನ ಗುಂಯ್‌ಗುಡುವ ಸದ್ದು ನನಗೆ ತಡೆಯಲಾಗುವುದಿಲ್ಲವೆಂದು ತಿಳಿಸಿದಾಗ, ಅದನ್ನು ‘ರೂಢಿ ಮಾಡಿಕೊಳ್ಳಬೇಕಾದ ಭಯ’ಗಳ ಪಟ್ಟಿಗೆ ಸೇರಿಸದೆ ಎದ್ದು ಹೋಗಿ ಆರಿಸಿದರು. ಸದ್ದಿನಿಂದಾಗುವ ನೋವೂ ಗೀಳಿನ ಭಯವೂ ಬೇರೆ ಬೇರೆ ಎಂಬುದನ್ನು ನಾನು ವಾದಿಸಿ ತಿಳಿಸಬೇಕಾಗಲಿಲ್ಲ.

ಅವ್ವನನ್ನೂ ಎರಡು ಸಲ ಕರೆಸಿದ್ದರು. ‘ಗ್ಯಾಸ್ ಬಂದ್ ಐತಿಲ್ಲಬೇ?’ ಎಂದು ನಾನು ಕೇಳಿದಾಗಲೆಲ್ಲ ‘ಐತಿ, ಬಂದ್ ಐತಿ’ ಎಂದು ಅವ್ವ ಪ್ರೀತಿಯಿಂದಲೇ ಉತ್ತರಿಸುತ್ತಿದ್ದಳು; ಆ ಉತ್ತರವೇ ಗೀಳಿಗೆ ಆಹಾರವಾಗುತ್ತದೆ ಎಂದು ಇಬ್ಬರಿಗೂ ವಿವರಿಸಿ, ಮೂವರೂ ಒಪ್ಪಿದ ಒಂದು ವಾಕ್ಯವನ್ನು ಅಡುಗೆಮನೆಯ ಗೋಡೆಗೆ ಅಂಟಿಸಲು ಹೇಳಿದರು. ಈಗ ಅವ್ವ ಅದನ್ನೇ ಹೇಳುತ್ತಾಳೆ: ‘ಇದು ಒಸಿಡಿ ಕೇಳೂ ಪ್ರಶ್ನೆ, ಇದಕ್ಕ ನಾ ಉತ್ತರಾ ಕೊಡಂಗಿಲ್ಲ.’ ಹೇಳುವ ಮಾತು ಮೊದಲೇ ಗೊತ್ತಿರುವುದರಿಂದ ಅವ್ವನಿಗೆ ಸಿಟ್ಟು ಬಂದಿದೆಯೇ ಎಂದು ನಾನು ಊಹಿಸುತ್ತ ಕೂರಬೇಕಿಲ್ಲ.

ಒಸಿಡಿಯ ತೀವ್ರತೆಯನ್ನು ಅಳೆಯುವ ವೈ-ಬಾಕ್ಸ್ ಎಂಬ ಹತ್ತು ಪ್ರಶ್ನೆಗಳ ಮಾಪನದಲ್ಲಿ 40ಕ್ಕೆ ನನ್ನ ಅಂಕ ಮೊದಲು 29 ಇತ್ತು, ಈಗ 17 ಆಗಿದೆ. ತೀವ್ರ ಎಂಬಲ್ಲಿಂದ ಮಧ್ಯಮಕ್ಕೆ ಇಳಿದಂತಾಯಿತು. ಇದರ ಶ್ರೇಯಸ್ಸು ಪೂರ್ತಿ ಈ ಕೇಂದ್ರದ್ದಲ್ಲ. ಸೈಕಾಲಜಿಸ್ಟರು ಔಷಧಿ ಬರೆಯುವುದಿಲ್ಲವಾದ್ದರಿಂದ ನಾನು ಮನೋವೈದ್ಯರೊಬ್ಬರಲ್ಲಿ ಸರ್ಟ್ರಾಲೀನ್ ಕೂಡ ಪಡೆಯುತ್ತಿದ್ದೇನೆ. ಒಸಿಡಿಯಲ್ಲಿ ಇಂಥ ಮಾತ್ರೆಗಳ ಪರಿಣಾಮ ಸರಿಯಾಗಿ ತಿಳಿಯಲು 8ರಿಂದ 12 ವಾರ ಬೇಕಾಗಬಹುದು ಎಂದು ಮೊದಲೇ ಹೇಳಿದ್ದರಿಂದ ನಡುವೆ ಬಿಡದೆ ಕಾದೆ.

ಕೊರತೆಗಳಿವೆ. ಕಾಯುವ ಜಾಗ ರಸ್ತೆಗೆ ತೆರೆದುಕೊಂಡಿದೆ. ಟಂಟಂ ಆಟೋಗಳ ಸದ್ದಿನಲ್ಲಿ ಅರ್ಧ ಗಂಟೆ ಕೂತವಳಿಗೆ ಒಳಗೆ ಹೋಗುವ ಹೊತ್ತಿಗೆ ಮಾತೇ ಹೊರಡುವುದಿಲ್ಲ. ಸಮಯ ಬದಲಾದರೆ ವಾಟ್ಸಾಪಿನಲ್ಲಿ ದನಿ ಸಂದೇಶ ಕಳಿಸುತ್ತಾರೆ, ಬರೆದು ಕಳಿಸಿ ಎಂದು ಮೂರು ಸಲ ಕೇಳಿದರೂ ಬದಲಾಗಿಲ್ಲ. ಎರಡು ಸಲ ಹೊರಡುವ ಗಳಿಗೆಯಲ್ಲಿ ಭೇಟಿ ರದ್ದಾಯಿತು; ಇಡೀ ದಿನವನ್ನು ಆ ಒಂದು ಭೇಟಿಯ ಸುತ್ತ ಜೋಡಿಸಿಕೊಂಡವರಿಗೆ ಇದು ಸಣ್ಣ ವಿಷಯವಲ್ಲ. ಪ್ರಶ್ನಾವಳಿಗಳೆಲ್ಲ ಇಂಗ್ಲಿಷಿನಲ್ಲಿವೆ. 45 ನಿಮಿಷಕ್ಕೆ 600 ರೂಪಾಯಿ ಶುಲ್ಕ ನಮ್ಮ ಊರಿನ ಅನೇಕರ ಕೈಗೆ ಎಟುಕುವುದಿಲ್ಲ. ಅಂಥವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಅದು ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ನೇರವಾಗಿ ಆಸ್ಪತ್ರೆಗೇ ಹೋಗಬೇಕೆನ್ನುವವರಿಗೆ ಬೆಂಗಳೂರಿಗಿಂತ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ.

ನಾನು ಇಲ್ಲಿಯೇ ಮುಂದುವರಿಯುತ್ತಿದ್ದೇನೆ. ಮುಂದಿನ ಮೆಟ್ಟಿಲಿನ ಹಾಳೆ ಕಳೆದ ವಾರ ಕೈಗೆ ಬಂದಿದೆ: ಅವ್ವ ಒಬ್ಬಳೇ ಬಸ್ಸಿನಲ್ಲಿ ಬಾದಾಮಿಯ ಬನಶಂಕರಿಗೆ ಹೋಗಿ ಬರುವ ದಿನ ನಾನು ಅವಳಿಗೆ ಒಂದೇ ಒಂದು ಸಲ ಫೋನ್ ಮಾಡಬೇಕು. ದಿನಾಂಕದ ಜಾಗವನ್ನು ಮೇಡಂ ಖಾಲಿ ಬಿಟ್ಟಿದ್ದಾರೆ, ಅದನ್ನು ನಾನೇ ತುಂಬಬೇಕಂತೆ.